ಮೈತ್ರಿಯಲ್ಲಿ ದಳ ಕರಗುತ್ತದೆಯೇ?

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರ, ವಯಸ್ಸು 44. ನಮ್ಮೂರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ನಿರ್ದೇಶಕ. ನಮ್ಮ ತಂದೆ ಜನತಾ ಪಕ್ಷದ ಕಾಲದಿಂದ ದೊಡ್ಡಗೌಡರ (ದೇವೇಗೌಡರ) ಜೊತೆ ನಿಂತವರು. ನಾನೂ ದಳ (ಜೆಡಿಎಸ್) ಬಿಟ್ಟು ಬೇರೆ ಕಡೆ ಮುಖ ಮಾಡಿದವನಲ್ಲ. 2018ರಲ್ಲಿ ನಮ್ಮ ಜಿಲ್ಲೆಯ ವಿಧಾನಸಭಾ ಕ್ಷೇತ್ರ ಏಳಕ್ಕೆ ಏಳೂ ಗೆದ್ದೆವು, 2023ರಲ್ಲಿ ಒಂದಕ್ಕಿಳಿದೆವು. ಮರುವರ್ಷವೇ ಕುಮಾರಣ್ಣ (ಕುಮಾರಸ್ವಾಮಿ) ಲೋಕಸಭೆಗೆ ಲಕ್ಷಗಟ್ಟಲೆ ಅಂತರದಲ್ಲಿ ಗೆದ್ದರು. ಅದೇ ವರ್ಷದ ಕೊನೆಗೆ ಉಪಚುನಾವಣೆಯಲ್ಲಿ ಚನ್ನಪಟ್ಟಣ ಕೈಬಿಟ್ಟಿತು. ಇದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ತಿಳಿಯುತ್ತಿಲ್ಲ. ನನ್ನ ಜೊತೆ ಓಡಾಡಿದ ಹುಡುಗರಲ್ಲಿ ಕೆಲವರು ಕಾಂಗ್ರೆಸ್ಸಿಗೆ ಹೋದರು. ಇನ್ನು ಕೆಲವರು ‘ಹೇಗೂ ಮೈತ್ರಿ ಇದೆಯಲ್ಲ’ ಎಂದು ಬಿಜೆಪಿ ಶಾಲು ಹಾಕಿಕೊಂಡು ಓಡಾಡುತ್ತಿದ್ದಾರೆ. ಪಕ್ಷದ ಚಿಹ್ನೆಯೇ ಹೋಗುತ್ತದಂತೆ, ಬಿಜೆಪಿಯಲ್ಲಿ ವಿಲೀನ ಆಗುತ್ತದಂತೆ ಎಂದು ಅಂಗಡಿ ಜಗುಲಿಯಲ್ಲಿ ದಿನಾ ಇದೇ ಮಾತು. ತಾಲ್ಲೂಕು ಪಂಚಾಯಿತಿಗೆ ನಿಲ್ಲಬೇಕೆಂಬ ಆಸೆ ನನಗಿದೆ. ಉಳಿಯಲೋ, ಹೊರಡಲೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಪಕ್ಷ ಉಳಿಯುತ್ತದೆಯೇ ಎಂಬುದು ಒಂದು, ಆ ಪಕ್ಷದಲ್ಲಿದ್ದರೆ ನಿಮಗೆ ದಾರಿ ಇದೆಯೇ ಎಂಬುದು ಇನ್ನೊಂದು. ಇವೆರಡರ ಉತ್ತರ ಒಂದೇ ಆಗಿರಬೇಕಿಲ್ಲ. ಮತಗಟ್ಟೆವಾರು ಲೆಕ್ಕದ ಹಾಳೆಗಳನ್ನು ಎದುರಿಗಿಟ್ಟುಕೊಂಡು ಕೂರುವುದೇ ನನ್ನ ಕೆಲಸವಾಗಿ ಎರಡು ದಶಕ ದಾಟಿದೆ. ಆ ಹಾಳೆಗಳು ಏನು ಹೇಳುತ್ತವೋ ಅದನ್ನೇ ಹೇಳುತ್ತೇನೆ.

ಮೊದಲು ಚಿಹ್ನೆಯ ಮಾತು ಮುಗಿಸೋಣ, ಏಕೆಂದರೆ ಅದು ಬರೀ ಗಾಳಿಮಾತು. ರಾಜ್ಯ ಪಕ್ಷದ ಮಾನ್ಯತೆ ಯಾರಿಗೆ ಎಂಬುದನ್ನು ತೀರ್ಮಾನಿಸುವುದು 1968ರ ಚಿಹ್ನೆಗಳ ಆದೇಶ. ವಿಧಾನಸಭೆಯಲ್ಲಿ ಶೇ 6ರಷ್ಟು ಮತದ ಜೊತೆ ಎರಡು ಸ್ಥಾನ ಬಂದರೆ ಸಾಕು. ಸ್ಥಾನವೇ ಬಾರದಿದ್ದರೂ ಶೇ 8ರಷ್ಟು ಮತವಿದ್ದರೆ ನಡೆಯುತ್ತದೆ. ಸ್ಥಾನದ ಲೆಕ್ಕದಲ್ಲೇ ಹೋದರೆ 224ರಲ್ಲಿ ಏಳು ಗೆದ್ದರಾಯಿತು. 2023 ಜೆಡಿಎಸ್‌ಗೆ ಬಹಳ ಕೆಟ್ಟ ವರ್ಷ. ಆಗಲೂ ಅದಕ್ಕೆ ಸುಮಾರು ಶೇ 13ರಷ್ಟು ಮತ ಮತ್ತು 19 ಸ್ಥಾನ ಬಂದವು. ತೆನೆ ಹೊತ್ತ ಮಹಿಳೆಯ ಚಿಹ್ನೆಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ವಿಲೀನದ ಮಾತೂ ಜಗುಲಿಯಲ್ಲಿ ಆಡಿದಷ್ಟು ಸುಲಭವಲ್ಲ. ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿಯ ಪ್ರಕಾರ ಶಾಸಕಾಂಗ ಪಕ್ಷದ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. ಚನ್ನಪಟ್ಟಣ ಹೋದ ಮೇಲೆ ಉಳಿದ 18 ಶಾಸಕರಲ್ಲಿ ಅದು 12 ಜನ. ಅವರಲ್ಲಿ ಹೆಚ್ಚಿನವರು ಗೆದ್ದದ್ದು ತೆನೆಯ ಗುರುತಿನ ಮೇಲೆ, ತಮ್ಮ ತಾಲ್ಲೂಕಿನ ಹಳೆಯ ದಳದ ಮನೆಗಳ ಬಲದ ಮೇಲೆ. ಅದನ್ನು ಕಳಚಿಟ್ಟು ಹೋಗಲು ಅವರಿಗೆ ಏನು ಲಾಭ ಎಂದು ಕೇಳಿಕೊಂಡರೆ, ಇಂದಿನ ಸ್ಥಿತಿಯಲ್ಲಿ ಉತ್ತರ ಸಿಗುವುದಿಲ್ಲ. ಮೈತ್ರಿಯಲ್ಲಿದ್ದುಕೊಂಡೇ ಸಿಗುವುದಕ್ಕೆ ವಿಲೀನ ಏಕೆ?

ಆದ್ದರಿಂದ ಕಾಗದದ ಮೇಲೆ ಪಕ್ಷ ಸಾಯುವುದಿಲ್ಲ. ಆದರೆ ನಿಮ್ಮನ್ನು ಕಾಡುತ್ತಿರುವುದು ಕಾಗದದ ಸಾವಲ್ಲ ಎಂದು ನನಗೆ ಗೊತ್ತು. ಊರಿನಲ್ಲಿ ಜನ ಕರಗುತ್ತಿದ್ದಾರಲ್ಲ, ಅದು.

ಇಲ್ಲಿ ಒಂದು ಲೆಕ್ಕವನ್ನು ತಾಳ್ಮೆಯಿಂದ ನೋಡಬೇಕು. ಜೆಡಿಎಸ್‌ಗೆ ಬಂದ ಮತವೂ ಸ್ಥಾನವೂ ಯಾವತ್ತೂ ಒಟ್ಟಿಗೆ ನಡೆದಿಲ್ಲ. 2004ರಲ್ಲಿ ಸುಮಾರು ಶೇ 21ರಷ್ಟು ಮತಕ್ಕೆ 58 ಸ್ಥಾನ ಸಿಕ್ಕವು. 2008ರಲ್ಲಿ ಶೇ 19ರಷ್ಟು ಮತ ಬಂದರೂ ಸಿಕ್ಕಿದ್ದು 28 ಮಾತ್ರ. ಎರಡು ಶೇಕಡಾ ಇಳಿದರೆ ಸ್ಥಾನ ಅರ್ಧಕ್ಕಿಂತ ಕೆಳಗೆ! 2013ರಲ್ಲಿ ಮತ ಶೇ 20, ಸ್ಥಾನ 40. ಆಗ ಯಡಿಯೂರಪ್ಪನವರು ಕೆಜೆಪಿ ಕಟ್ಟಿ ಬಿಜೆಪಿಯ ಮತವನ್ನು ಸೀಳಿದ್ದರು, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಕೂಡ ಕಣದಲ್ಲಿತ್ತು. 2018ರಲ್ಲಿ ಮತ ಶೇ 18ಕ್ಕೆ ಇಳಿಯಿತು, ಸ್ಥಾನ 37, ಮುಖ್ಯಮಂತ್ರಿ ಗಾದಿಯೂ ಸಿಕ್ಕಿತು. ನೀವು ಏಳಕ್ಕೆ ಏಳು ಗೆದ್ದು ಹಬ್ಬ ಮಾಡಿದ ವರ್ಷ, ರಾಜ್ಯದ ಲೆಕ್ಕದಲ್ಲಿ ಪಕ್ಷ ಹಿಂದಿನ ಮೂರು ಚುನಾವಣೆಗಳಿಗಿಂತ ಕಡಿಮೆ ಪಾಲು ಮತ ಪಡೆದಿತ್ತು. ಅದನ್ನು ಆಗ ಯಾರೂ ಗಮನಿಸಲಿಲ್ಲ. ಗೆದ್ದಾಗ ಯಾರು ತಾನೇ ಲೆಕ್ಕ ನೋಡುತ್ತಾರೆ?

ಇದರಿಂದ ತಿಳಿಯುವುದು ಇಷ್ಟು: ಮೂರನೇ ಪಕ್ಷದ ಭಾಗ್ಯ ಅದರ ಕೈಯಲ್ಲಿರುವುದು ಅರ್ಧ ಮಾತ್ರ. ಉಳಿದರ್ಧ ದೊಡ್ಡವೆರಡರ ನಡುವಿನ ಅಂತರದಲ್ಲಿದೆ. 2004ರಲ್ಲಿ, 2018ರಲ್ಲಿ ಯಾರಿಗೂ ಬಹುಮತ ಬರಲಿಲ್ಲ, ದಳದ ಬೆಲೆ ಮುಗಿಲಿಗೇರಿತು. 2013ರಲ್ಲಿ ಅದಕ್ಕೆ 2018ಕ್ಕಿಂತ ಮೂರು ಸ್ಥಾನ ಹೆಚ್ಚೇ ಇತ್ತು, ಆದರೆ ಕಾಂಗ್ರೆಸ್ 122 ಗೆದ್ದಿದ್ದರಿಂದ ಕೇಳುವವರಿರಲಿಲ್ಲ. ಅತಂತ್ರವಾದರೆ ನಾವೇ ರಾಜ ಎಂಬ ಲೆಕ್ಕಾಚಾರದಲ್ಲಿ ಪಕ್ಷ ಎರಡು ದಶಕ ಕಳೆಯಿತು. ಮಳೆ ಬಂದರೆ ಬೆಳೆ ಎನ್ನುವ ಖುಷ್ಕಿ ಬೇಸಾಯದಂತೆ ಅದು ಒಂದು ವರ್ಷ ಕೈಹಿಡಿಯಿತು, ಇನ್ನೊಂದು ವರ್ಷ ಕೈಕೊಟ್ಟಿತು. ನಾಲೆ ತೋಡುವ ಕೆಲಸ, ಅಂದರೆ ಹೊಸ ಜಿಲ್ಲೆ, ಹೊಸ ಸಮುದಾಯಗಳನ್ನು ಸೇರಿಸಿಕೊಳ್ಳುವ ಕೆಲಸ ಹಿಂದೆ ಬಿತ್ತು.

ಕಾಯಿಲೆಯ ಮೂಲ ಇರುವುದು ಅಲ್ಲೇ ಎಂಬುದು ನನ್ನ ತೀರ್ಮಾನ. 2004ರ ಆ 58 ಸ್ಥಾನ ಬರೀ ಒಕ್ಕಲಿಗರ ಸೀಮೆಯಿಂದ ಬಂದವಲ್ಲ. ಸಿದ್ದರಾಮಯ್ಯನವರು ಆಗ ದಳದಲ್ಲಿದ್ದರು, ಎಂ.ಪಿ. ಪ್ರಕಾಶ್ ಇದ್ದರು. ಕುರುಬರು, ಮುಸ್ಲಿಮರು, ಉತ್ತರ ಕರ್ನಾಟಕದ ಹಳೆಯ ಜನತಾ ಪರಿವಾರದ ಲಿಂಗಾಯತರು ಎಲ್ಲರಿಗೂ ಆ ಮನೆಯಲ್ಲಿ ಒಂದೊಂದು ಕೋಣೆ ಇತ್ತು. 2005ರಲ್ಲಿ ಸಿದ್ದರಾಮಯ್ಯ ಹೊರಬಿದ್ದರು. ಮರುವರ್ಷ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿನಿಂದ ಚಾಮುಂಡೇಶ್ವರಿ ಉಪಚುನಾವಣೆಗೆ ನಿಂತು 257 ಮತಗಳಿಂದ ಗೆದ್ದರು. ಆ 257 ಮತ ಅತ್ತಿತ್ತ ಆಗಿದ್ದರೆ ರಾಜ್ಯದ ರಾಜಕೀಯವೇ ಬೇರೆಯಾಗುತ್ತಿತ್ತೇನೋ, ಅದಿರಲಿ. 2007ರ ಅಕ್ಟೋಬರಿನಲ್ಲಿ, ಬಿಜೆಪಿಯ ಜೊತೆಗಿನ ಅಧಿಕಾರ ಹಂಚಿಕೆ ಒಪ್ಪಂದದಲ್ಲಿ ತನ್ನ ಇಪ್ಪತ್ತು ತಿಂಗಳ ಸರದಿ ಮುಗಿದಾಗ, ದಳ ಯಡಿಯೂರಪ್ಪನವರಿಗೆ ಅಧಿಕಾರ ಬಿಟ್ಟುಕೊಡಲಿಲ್ಲ. ಆಮೇಲೆ ಬಿಟ್ಟುಕೊಟ್ಟರೂ ಆ ಸರ್ಕಾರ ಒಂದು ವಾರ ದಾಟಲಿಲ್ಲ. ‘ವಚನಭ್ರಷ್ಟ’ ಎಂಬ ಮಾತು ಉತ್ತರ ಕರ್ನಾಟಕದ ಲಿಂಗಾಯತ ಮನೆಗಳಲ್ಲಿ ದಳದ ಬಾಗಿಲು ಮುಚ್ಚಿಸಿತು. ಉಳಿದದ್ದು ಒಕ್ಕಲಿಗರು ಮತ್ತು ಮುಸ್ಲಿಮರು. 2023ರಲ್ಲಿ ಮುಸ್ಲಿಂ ಮತ ಬಹುಪಾಲು ಕಾಂಗ್ರೆಸ್ಸಿನತ್ತ ಸರಿಯಿತು. ಅದೇ ಹೊತ್ತಿಗೆ ಡಿ.ಕೆ. ಶಿವಕುಮಾರ್ ಮುಖ್ಯಮಂತ್ರಿ ಆಗಬಹುದು ಎಂಬ ನಿರೀಕ್ಷೆ ಒಕ್ಕಲಿಗ ಮತವನ್ನೂ ಸೀಳಿತು. ಗೃಹಲಕ್ಷ್ಮಿಯ ತಿಂಗಳಿಗೆ 2,000 ರೂಪಾಯಿಯ ಭರವಸೆ ನಿಮ್ಮ ಮನೆಯ ಹೆಂಗಸರ ಕಿವಿಗೂ ಬಿದ್ದಿತ್ತು. ರೈತನ ಸಾಲಮನ್ನಾ ದಳದ ದೊಡ್ಡ ಅಸ್ತ್ರ. ಪಹಣಿ ಯಾರ ಹೆಸರಿನಲ್ಲಿದೆಯೋ ಅವರಿಗಷ್ಟೇ ಅದು ಮುಟ್ಟುತ್ತದೆ. ಕಾಂಗ್ರೆಸ್ ಮನೆಯೊಡತಿಯ ಖಾತೆಗೇ ಹಣ ಹಾಕುವ ಮಾತು ಕೊಟ್ಟಿತು.

ಕುಟುಂಬ ರಾಜಕಾರಣದಿಂದಲೇ ಪಕ್ಷ ಸೋಲುತ್ತಿದೆ ಎನ್ನುವವರಿದ್ದಾರೆ. ಅರ್ಧ ನಿಜ. ಕುಟುಂಬದ ಹೆಸರಿನಿಂದಲೇ ಆ ಪಕ್ಷ ಇಷ್ಟು ವರ್ಷ ನಿಂತಿದೆ, ಜನ ಅದನ್ನು ಒಪ್ಪಿಯೇ ಮತ ಹಾಕಿದ್ದಾರೆ. ಆದರೆ 2019ರ ಲೋಕಸಭಾ ಚುನಾವಣೆಯಲ್ಲಿ ಹಾಸನ, ಮಂಡ್ಯ, ತುಮಕೂರು ಮೂರಕ್ಕೂ ಅಜ್ಜ ಮೊಮ್ಮಕ್ಕಳೇ ನಿಂತಾಗ ಕಾರ್ಯಕರ್ತ ಪ್ರಶ್ನೆ ಕೇಳಿದ. ತುಮಕೂರಿನಲ್ಲಿ ದೇವೇಗೌಡರೇ ಸುಮಾರು 13 ಸಾವಿರದಿಂದ ಸೋತರು, ಮಂಡ್ಯದಲ್ಲಿ ಕುಮಾರಸ್ವಾಮಿಯವರ ಮಗ ನಿಖಿಲ್ ಲಕ್ಷಕ್ಕೂ ಮೀರಿದ ಅಂತರದಲ್ಲಿ ಸುಮಲತಾ ಅವರಿಗೆ ಸೋತರು. 2023ರಲ್ಲಿ ಹಾಸನದ ಟಿಕೆಟ್ ಮನೆಯೊಳಗೆ ಉಳಿಯದೆ ಸ್ವರೂಪ್ ಪ್ರಕಾಶ್ ಅವರಿಗೆ ಹೋಯಿತು. ಅದು ಬಿಜೆಪಿ ಗೆದ್ದಿದ್ದ ಕ್ಷೇತ್ರ, ದಳ ವಾಪಸು ಪಡೆಯಿತು. ಪಕ್ಷ ಕೆಳಗಿಳಿಯುತ್ತಿದ್ದ ವರ್ಷದಲ್ಲೇ ಇದು ಆಯಿತು ಎಂಬುದನ್ನು ನಾನು ಹೋದಲ್ಲೆಲ್ಲ ಹೇಳುತ್ತಿರುತ್ತೇನೆ.

ಈಗ ಮೈತ್ರಿಯ ಮಾತು. 2019ರಲ್ಲಿ ಕಾಂಗ್ರೆಸ್ ಜೊತೆ ಹೋದಾಗ ಮತ ವರ್ಗಾವಣೆ ಆಗಲಿಲ್ಲ. ಕಾರಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮಂಡ್ಯದ ಹಳ್ಳಿಯಲ್ಲಿ ಡೇರಿ ಚುನಾವಣೆಯಿಂದ ಹಿಡಿದು ನಾಲೆ ನೀರಿನ ಜಗಳದವರೆಗೆ ಎದುರು ಬಣವೆಂದರೆ ಕಾಂಗ್ರೆಸ್. ಮೇಲೆ ನಾಯಕರು ಕೈ ಎತ್ತಿ ನಿಂತರೆ ಕೆಳಗೆ ಆ ಜಗಳ ಆರುವುದಿಲ್ಲ. ಬಿಜೆಪಿ ನಿಮ್ಮ ಕಡೆ ಇಂಥ ಎದುರಾಳಿ ಆಗಿರಲಿಲ್ಲ. ಹಾಗಾಗಿ 2024ರಲ್ಲಿ ಮತ ಸರಾಗವಾಗಿ ಕೂಡಿಕೊಂಡಿತು. ಕುಮಾರಸ್ವಾಮಿ ಸುಮಾರು 2.84 ಲಕ್ಷ ಅಂತರದಲ್ಲಿ ಗೆದ್ದರು, ಕೋಲಾರವೂ ಬಂತು. ಹಾಸನ ಮಾತ್ರ ಕಾಲು ಶತಮಾನದ ನಂತರ ಕಾಂಗ್ರೆಸ್ ಪಾಲಾಯಿತು. ಅಲ್ಲಿನ ಅಭ್ಯರ್ಥಿಯ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪಗಳು ಮತದಾನದ ಹೊತ್ತಿಗೇ ಹೊರಬಂದಿದ್ದವು. ಆ ಸೋಲನ್ನು ಮೈತ್ರಿಯ ಲೆಕ್ಕಕ್ಕೆ ಹಾಕಬೇಡಿ.

ಆದರೆ ಆ 2.84 ಲಕ್ಷವನ್ನು ದಳದ ಬಲ ಎಂದೂ ಓದಬೇಡಿ. ನಿಮ್ಮ ಗೊಂದಲ ಹುಟ್ಟಿರುವುದು ಇಲ್ಲೇ. ಅದರಲ್ಲಿ ದಳದ ಹಳೆಯ ಮತವಿದೆ, ಮೋದಿಯವರಿಗಾಗಿ ಬಿದ್ದ ಮತವಿದೆ, ಕೇಂದ್ರದಲ್ಲಿ ನಮ್ಮವರೊಬ್ಬರು ಮಂತ್ರಿಯಾಗಲಿ ಎಂಬ ಆಸೆಯ ಮತವೂ ಇದೆ. ಅದೇ ವರ್ಷ ನವೆಂಬರಿನಲ್ಲಿ ಚನ್ನಪಟ್ಟಣದಲ್ಲಿ ಅದೇ ಮೈತ್ರಿ, ಅದೇ ಕುಟುಂಬ. ನಿಖಿಲ್ 25 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಗೆದ್ದ ಸಿ.ಪಿ. ಯೋಗೇಶ್ವರ್ ಆಗ ತಾನೇ ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಬಂದವರು. ಟಿಕೆಟ್ ತಮಗೆ ಸಿಗುವುದಿಲ್ಲ ಎಂದು ಗೊತ್ತಾದಾಗ ಮಿತ್ರಪಕ್ಷದ ಪ್ರಬಲ ಸ್ಥಳೀಯ ನಾಯಕ ಏನು ಮಾಡುತ್ತಾನೆ ಎಂಬುದಕ್ಕೆ ಇದು ಕಣ್ಣೆದುರಿನ ಉದಾಹರಣೆ. ಲೋಕಸಭೆಯಲ್ಲಿ ಹಂಚಿಕೊಳ್ಳಬೇಕಿದ್ದದ್ದು ಮೂರು ಕ್ಷೇತ್ರ. ವಿಧಾನಸಭೆಯಲ್ಲಿ ಹಳೆ ಮೈಸೂರಿನ ಹತ್ತಾರು ಕ್ಷೇತ್ರಗಳಲ್ಲಿ ಇದೇ ಕಥೆ ಎದುರಾಗುತ್ತದೆ.

ದೊಡ್ಡ ಪಕ್ಷ ಸಣ್ಣದನ್ನು ನುಂಗಿಯೇ ನುಂಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಆಂಧ್ರದಲ್ಲಿ ತೆಲುಗುದೇಶಂ 2024ರಲ್ಲಿ ಬಿಜೆಪಿಯ ಜೊತೆಗಿದ್ದುಕೊಂಡೇ 175ರಲ್ಲಿ 135 ಗೆದ್ದಿತು. ಏಕೆಂದರೆ ಆ ನೆಲದಲ್ಲಿ ಅದೇ ದೊಡ್ಡಣ್ಣ. ಒಡಿಶಾದ ಬಿಜು ಜನತಾದಳ 2009ರಲ್ಲಿ ಮೈತ್ರಿ ಮುರಿದು ಒಂಟಿಯಾಗಿ ಹೋಗಿ 147ರಲ್ಲಿ 103 ಪಡೆಯಿತು. ಅದೂ ತನ್ನ ನೆಲದ ದೊಡ್ಡಣ್ಣನಾಗಿದ್ದಾಗಲೇ ಹೊರಬಂದದ್ದು. ಇನ್ನೊಂದು ಕಡೆ ಅಸ್ಸಾಂ ಗಣ ಪರಿಷತ್ತನ್ನು ನೋಡಿ. 1985ರಲ್ಲಿ ಹುಟ್ಟಿದ ವರ್ಷವೇ ಸರ್ಕಾರ ರಚಿಸಿದ ಪಕ್ಷ, 2021ರಲ್ಲಿ ಬಿಜೆಪಿಯ ಪಕ್ಕದಲ್ಲಿ ಒಂಬತ್ತು ಸ್ಥಾನಕ್ಕೆ ಇಳಿದಿತ್ತು.

ಆದರೆ ಅಸ್ಸಾಮಿನವರೆಗೆ ಹೋಗಬೇಕಿಲ್ಲ, ನಿಮ್ಮ ಪಕ್ಷದ ಒಡಹುಟ್ಟಿದ್ದರ ಕಥೆಯೇ ಇದೆ. 1999ರಲ್ಲಿ ಜನತಾದಳ ಒಡೆಯಿತು. ಜೆ.ಎಚ್. ಪಟೇಲ್, ರಾಮಕೃಷ್ಣ ಹೆಗಡೆ ಅವರ ಕಡೆಯವರು ಸಂಯುಕ್ತ ಜನತಾದಳವಾಗಿ ಬಿಜೆಪಿಯ ಕೈ ಹಿಡಿದರು. ದೇವೇಗೌಡರು ಜಾತ್ಯತೀತ ಜನತಾದಳ ಎಂದು ಬೇರೆ ನಿಂತರು. ಆ ವರ್ಷದ ಫಲಿತಾಂಶ ನೋಡಿದವರು ಯಾರಾದರೂ ಗೌಡರ ಕಥೆ ಮುಗಿಯಿತು ಎಂದೇ ಹೇಳುತ್ತಿದ್ದರು. ಸಂಯುಕ್ತ ದಳಕ್ಕೆ 18, ಗೌಡರ ದಳಕ್ಕೆ 10. ಹಾಸನದಲ್ಲಿ ಸ್ವತಃ ದೇವೇಗೌಡರೇ ಸೋತಿದ್ದರು, ಸಾತನೂರಿನಲ್ಲಿ ಕುಮಾರಸ್ವಾಮಿಯವರು ಡಿ.ಕೆ. ಶಿವಕುಮಾರ್ ಅವರಿಗೆ ಸೋತಿದ್ದರು. ಐದು ವರ್ಷ ಕಳೆಯಿತು. ಹತ್ತರ ದಳ 58ಕ್ಕೆ ಏರಿತು, ಹದಿನೆಂಟರ ದಳ ಐದಕ್ಕೆ ಇಳಿಯಿತು. ಅದರ ಮತದಾರರು, ಅದರಲ್ಲೂ ಉತ್ತರ ಕರ್ನಾಟಕದವರು, ಮೈತ್ರಿಯ ಸೇತುವೆ ದಾಟಿ ಬಿಜೆಪಿಯ ಮನೆ ಸೇರಿದ್ದರು. ಬಿಜೆಪಿ 44ರಿಂದ 79ಕ್ಕೆ ಏರಿದ್ದಕ್ಕೆ ಅದೂ ಒಂದು ಕಾರಣ. ಯಾರೂ ವಿಲೀನದ ಕಾಗದಕ್ಕೆ ಸಹಿ ಹಾಕಿರಲಿಲ್ಲ. ಮೇಲೆ ನಾಯಕರು ಮಾತಾಡುತ್ತಿದ್ದ ಹೊತ್ತಿನಲ್ಲಿ ಕೆಳಗೆ ಕಾರ್ಯಕರ್ತರ ಶಾಲು ಬದಲಾಯಿತು. ನಿಮ್ಮೂರಿನ ಹುಡುಗರು ‘ಹೇಗೂ ಮೈತ್ರಿ ಇದೆಯಲ್ಲ’ ಎಂದರು ಎಂದು ಬರೆದಿದ್ದೀರಿ. ಆ ವಾಕ್ಯ ಓದಿದಾಗ ನನಗೆ ನೆನಪಾದದ್ದು 1999ರ ಹಾವೇರಿ, ಧಾರವಾಡದ ಕಡೆಯ ಹಳೆಯ ಜನತಾ ಕಾರ್ಯಕರ್ತರು.

ಹಾಗಾದರೆ ಪಕ್ಷದ ಮುಂದಿರುವ ದಾರಿಗಳು ಯಾವುವು? ಮೈತ್ರಿ ಮುರಿದು ಒಂಟಿಯಾಗಿ ಹೋಗುವುದು ಈಗ ಕಷ್ಟ. 2023ರಲ್ಲಿ ಒಂಟಿಯಾಗಿ ಹೋಗಿ ಬಂದ ಫಲವನ್ನು ನೋಡಿದ್ದೇವೆ. 2023ರ ಸೆಪ್ಟೆಂಬರಿನಲ್ಲಿ ಬಿಜೆಪಿ ನೇತೃತ್ವದ ಎನ್‌ಡಿಎ ಕೂಟ ಸೇರಿದ ಮೇಲೆ ಮುಸ್ಲಿಂ ಮತ ವಾಪಸು ಬರುವುದು ಇನ್ನೂ ದೂರ. ಆ ತೀರ್ಮಾನವನ್ನು ವಿರೋಧಿಸಿದ್ದಕ್ಕೆ ಸಿ.ಎಂ. ಇಬ್ರಾಹಿಂ ರಾಜ್ಯಾಧ್ಯಕ್ಷ ಸ್ಥಾನ ಕಳೆದುಕೊಂಡರು. ಕೇರಳದ ಘಟಕವಂತೂ ಮೈತ್ರಿಯನ್ನು ಒಪ್ಪದೆ ಎಡರಂಗದಲ್ಲೇ ಉಳಿಯಿತು. ಕಾಂಗ್ರೆಸ್ ಜೊತೆ ಮತ್ತೆ ಕೂಡುವ ಮಾತು 2019ರ ಅನುಭವದ ನಂತರ ಹಳ್ಳಿಯಲ್ಲಿ ನಡೆಯುವಂಥದ್ದಲ್ಲ. ಉಳಿದದ್ದು ಮೈತ್ರಿಯಲ್ಲಿದ್ದುಕೊಂಡೇ ಬೇಲಿ ಭದ್ರ ಮಾಡಿಕೊಳ್ಳುವುದು. ಯಾವ ಕ್ಷೇತ್ರ ಯಾರಿಗೆ ಎಂಬುದು ಚುನಾವಣೆಯ ಹಿಂದಿನ ತಿಂಗಳಲ್ಲಲ್ಲ, ಎರಡು ವರ್ಷ ಮೊದಲೇ ತೀರ್ಮಾನವಾಗಬೇಕು. ಮಂಡ್ಯ, ಹಾಸನ, ರಾಮನಗರ, ತುಮಕೂರು, ಕೋಲಾರದಲ್ಲಿ ದೊಡ್ಡ ಪಾಲು ದಳದ್ದೇ ಇರಬೇಕು. ಪಾಲು ಸಿಕ್ಕರೂ ಅಲ್ಲಿ ನಿಲ್ಲಿಸಲು ಕುಟುಂಬದ ಆಚೆಗಿನ ಮುಖಗಳು ಬೇಕು. ಇದರ ಅಪಾಯವೂ ಇದೆ. ಬಿಜೆಪಿಗೆ ಹಳೆ ಮೈಸೂರು ಇಷ್ಟು ವರ್ಷ ಅಷ್ಟಾಗಿ ಕೈಗೆಟುಕದ ಸೀಮೆ. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಕೆ.ಆರ್. ಪೇಟೆ ಗೆದ್ದು ಒಮ್ಮೆ ರುಚಿ ನೋಡಿದೆ. ಗೆದ್ದ ಕೆ.ಸಿ. ನಾರಾಯಣಗೌಡರು ದಳದಿಂದಲೇ ಹೋದವರು ಎಂಬುದನ್ನು ನಿಮ್ಮ ಜಿಲ್ಲೆಯವರಿಗೆ ನೆನಪಿಸಬೇಕಿಲ್ಲ.

ಇದೆಲ್ಲ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ತಾಲ್ಲೂಕು ಪಂಚಾಯಿತಿ. ಸೊರಗುತ್ತಿರುವ ಪಕ್ಷಕ್ಕೆ ಮುಖ್ಯಮಂತ್ರಿ ಕುರ್ಚಿಗಿಂತ ಅದೇ ಮುಖ್ಯ ಎಂದು ನಾನು ನಂಬಿದ್ದೇನೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅವು ಅಧಿಕಾರಿಗಳ ಕೈಯಲ್ಲೇ ಉಳಿದವು. ಇದರ ಪೆಟ್ಟು ಎಲ್ಲ ಪಕ್ಷಗಳಿಗೂ ಒಂದೇ ಸಮನಾಗಿ ಬೀಳಲಿಲ್ಲ. ಅಧಿಕಾರದಲ್ಲಿರುವವರು ತಮ್ಮ ಎರಡನೇ ಸಾಲಿನವರಿಗೆ ನಿಗಮ, ಮಂಡಳಿ, ನಾಮನಿರ್ದೇಶನಗಳಲ್ಲಿ ಜಾಗ ಕೊಡಬಲ್ಲರು. ಪ್ರಾದೇಶಿಕ ಪಕ್ಷಕ್ಕೆ ತನ್ನ ಹುಡುಗರನ್ನು ಬೆಳೆಸಲು ಇದ್ದ ಒಂದೇ ಒಟ್ಟಲು ಪಾತಿ ಅದು. ಆ ಪಾತಿ ಒಣಗಿತು, ಹುಡುಗರು ಹೊರಟರು. ಅವರನ್ನು ದ್ರೋಹಿಗಳೆಂದು ಬೈದುಕೊಳ್ಳಬೇಡಿ. ಅವರಿಗೆ ಬೇಕಿದ್ದದ್ದು ಕೆಲಸ ಮಾಡಿಸಿಕೊಡುವಷ್ಟು ಒಂದು ಜಾಗ. ನಾಳೆ ಆ ಜಾಗ ನಿಮ್ಮ ಬಳಿ ಇದ್ದರೆ ಅವರಲ್ಲಿ ಕೆಲವರಾದರೂ ನಿಮ್ಮ ಬಾಗಿಲಿಗೆ ಬರುತ್ತಾರೆ.

ನಿಲ್ಲುವ ಮೊದಲು ಒಂದು ಕೆಲಸ ಮಾಡಿ. ಚುನಾವಣಾಧಿಕಾರಿ ಪ್ರಕಟಿಸುವ ನಮೂನೆ 20ರಲ್ಲಿ ಪ್ರತಿ ಮತಗಟ್ಟೆಯ ಮತಲೆಕ್ಕ ಇರುತ್ತದೆ, ಎಲ್ಲರೂ ನೋಡಬಹುದು. ನಿಮ್ಮ ತಾಲ್ಲೂಕು ಪಂಚಾಯಿತಿ ಕ್ಷೇತ್ರಕ್ಕೆ ಸೇರುವ ಊರುಗಳ ಮತಗಟ್ಟೆಗಳನ್ನು ಗುರುತು ಹಾಕಿಕೊಂಡು 2018, 2023, 2024 ಮೂರೂ ವರ್ಷದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆಯಿರಿ. 2024ರ ಅಂಕಿಗೆ ಮರುಳಾಗಬೇಡಿ, ಅದರಲ್ಲಿ ಎರಡು ಪಕ್ಷದ ಮತವಿದೆ. 2023ರಲ್ಲಿ ದಳ ಸೋತ ಊರುಗಳಲ್ಲೂ ಶೇ 30 ದಾಟಿದ ಮತಗಟ್ಟೆ ಎಷ್ಟಿವೆ ನೋಡಿ. ಅಷ್ಟು ಮತ ಬಿದ್ದಿದ್ದರೆ ನಿಮ್ಮ ಬೇರು ಗಟ್ಟಿಯಿದೆ, ಉಳಿದು ನಿಲ್ಲಿ. ಸಹಕಾರ ಸಂಘದಲ್ಲಿ ಸಾಲಕ್ಕಾಗಿ ನಿಮ್ಮ ಬಳಿ ಬರುವ ಮನೆಗಳು ಪಕ್ಷ ನೋಡದೆ ಬರುತ್ತವೆ, ಆ ನಂಟು ನಿಮ್ಮ ಸ್ವಂತದ್ದು. ಅದೇ ಊರುಗಳಲ್ಲಿ 2018ರ ಮತ 2023ಕ್ಕೆ ಅರ್ಧಕ್ಕಿಂತ ಕೆಳಗೆ ಬಿದ್ದಿದ್ದರೆ, ಅದರಲ್ಲೂ ಪರಿಶಿಷ್ಟರ ಕೇರಿ ಮತ್ತು ಮುಸ್ಲಿಮರ ಬೀದಿಯ ಮತಗಟ್ಟೆಗಳಲ್ಲಿ ಪೂರ್ತಿ ಮಾಯವಾಗಿದ್ದರೆ, ಬರೀ ಚಿಹ್ನೆ ನೆಚ್ಚಿಕೊಂಡು ನಿಲ್ಲುವುದು ಸಾಲ ಮಾಡಿ ಬೋರ್ ಕೊರೆಸಿದ ಹಾಗೆ. ಆಗ ಮೊದಲು ಆ ಬೀದಿಗಳಿಗೆ ಹೋಗಿ ಕುಳಿತು ಮಾತಾಡಬೇಕು. ಅಲ್ಲಿಂದ ನಾಲ್ಕು ಮಂದಿ ನಿಮ್ಮ ಜೊತೆ ಬರಲು ಒಪ್ಪಿದರೆ ನಾಮಪತ್ರ ಹಾಕಿ. ಒಪ್ಪದಿದ್ದರೆ ಈ ಸಲ ಬೇಡ. ಪಕ್ಷ ಬದಲಾಯಿಸಿದರೂ ಆ ಬೀದಿಗಳು ನಿಮಗೆ ತೆರೆಯುವುದಿಲ್ಲ.

ಇನ್ನು ಬಿಜೆಪಿ ಶಾಲು ಹಾಕಿದ ಹುಡುಗರ ವಿಷಯ. ನಿಮ್ಮ ತಾಲ್ಲೂಕಿನ ಎರಡೂ ಪಕ್ಷದ ಅಧ್ಯಕ್ಷರನ್ನು ಈಗಲೇ ಒಂದೆಡೆ ಕೂರಿಸಿ, ಯಾವ ಕ್ಷೇತ್ರ ಯಾರಿಗೆ ಎಂದು ಬರಹದಲ್ಲಿ ಕೇಳಿ. ಬರಹದಲ್ಲಿ ಕೊಡಲು ಅವರು ಹಿಂಜರಿದರೆ, ನಿಮ್ಮ ಎದುರು ನಿಲ್ಲುವ ಬಂಡಾಯ ಅಭ್ಯರ್ಥಿ ಯಾರು ಎಂಬುದನ್ನು ಅವತ್ತೇ ಹುಡುಕಿಕೊಂಡು ಅವರ ಮನೆಗೆ ಹೋಗಿ ಬನ್ನಿ.